ಮಾರ್ಟಿನ್ ಹೈನ್ರಿಖ್ ಕ್ಲಾಪ್ರೋತ್

ಮಾರ್ಟಿನ್ ಹೈನ್ರಿಖ್ ಕ್ಲಾಪ್ರೋತ್ (1743–1817) ಜರ್ಮನಿಯ ಔಷಧಿಕಾರ ಮತ್ತು ರಸಾಯನವಿಜ್ಞಾನಿ; ಯುರೇನಿಯಂ ಮತ್ತು ಜಿರ್ಕೋನಿಯಂ ಧಾತುಗಳ ಶೋಧಕ; ಟೈಟಾನಿಯಂ, ಟೆಲೂರಿಯಂಗಳಿಗೆ ಹೆಸರಿಟ್ಟವ; ಖನಿಜಗಳ ತೂಕದ ವಿಶ್ಲೇಷಣೆಯನ್ನು ನಂಬಬಹುದಾದ ವಿದ್ಯೆಯಾಗಿ ಬೆಳೆಸಿದವರಲ್ಲಿ ಪ್ರಮುಖ. ವಿಶ್ವವಿದ್ಯಾನಿಲಯದಲ್ಲಿ ಎಂದೂ ವಿದ್ಯಾರ್ಥಿಯಾಗಿರದ ಈತ ಕೊನೆಗೆ ಬರ್ಲಿನ್ ವಿಶ್ವವಿದ್ಯಾನಿಲಯದ ಮೊದಲ ರಸಾಯನವಿಜ್ಞಾನ ಪ್ರಾಧ್ಯಾಪಕನಾದ. ಕಲಿತದ್ದೆಲ್ಲ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಹೆಸರು ತಂದ ಶೋಧಗಳಲ್ಲಿ ಹೆಚ್ಚಿನವು ನಡೆದದ್ದೂ ಅಲ್ಲೇ.

ಕ್ಲಾಪ್ರೋತ್‌ನ ವಿಷಯದಲ್ಲಿ "ಧಾತುವಿನ ಶೋಧ" ಎಂಬ ಮಾತಿನ ಅರ್ಥವನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಈತ ಕಂಡುಹಿಡಿದ ಯಾವ ಲೋಹವನ್ನೂ ಶುದ್ಧರೂಪದಲ್ಲಿ ಪಡೆಯಲಿಲ್ಲ. ಒಂದು ಖನಿಜದಲ್ಲಿ ಅದುವರೆಗೆ ತಿಳಿದಿದ್ದ ಯಾವುದಕ್ಕೂ ಹೊಂದದ ಆಕ್ಸೈಡ್ ಇದೆ ಎಂದು ಗುರುತಿಸಿ, ಅದನ್ನು ಬೇರ್ಪಡಿಸಿ, ಗುಣಗಳನ್ನು ವಿವರಿಸಿ, ಅದು ಹೊಸ ಧಾತುವಿನದೆಂದು ತೋರಿಸಿದ. ನೀರಿನಲ್ಲಿ ಕರಗದ, ಬೆಂಕಿಗೂ ಜಗ್ಗದ ಇಂಥ ಆಕ್ಸೈಡ್‌ಗಳನ್ನು ಅಂದಿನವರು "ಮಣ್ಣು" ಎಂಬ ವರ್ಗಕ್ಕೆ ಸೇರಿಸುತ್ತಿದ್ದರು. ಲೋಹಗಳನ್ನು ಬಿಡಿಸಿ ತೆಗೆಯುವ ಕೆಲಸ ಮುಂದಿನ ತಲೆಮಾರುಗಳಿಗೆ ಉಳಿಯಿತು.

ಬಾಲ್ಯ ಮತ್ತು ಉಮೇದುವಾರಿ

ಕ್ಲಾಪ್ರೋತ್ ಹುಟ್ಟಿದ್ದು 1743ರ ಡಿಸೆಂಬರ್ 1ರಂದು, ಹಾರ್ಟ್ಸ್ ಬೆಟ್ಟಗಳ ಬುಡದ ವೆರ್ನಿಗೆರೋಡೆ ಪಟ್ಟಣದಲ್ಲಿ. ತಂದೆ ದರ್ಜಿ. 1751ರಲ್ಲಿ ಬೆಂಕಿ ಬಿದ್ದು ಕುಟುಂಬ ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡಿತು. ಹುಡುಗ ಚರ್ಚ್‌ನ ಗಾಯನ ಮೇಳದಲ್ಲಿ ಹಾಡಿ ಊರಿನ ಲ್ಯಾಟಿನ್ ಶಾಲೆಯಲ್ಲಿ ಓದು ಸಾಗಿಸಿದ. ಓದು ಅಲ್ಲಿಗೇ ನಿಂತಿತು. 1759ರಲ್ಲಿ ಹತ್ತಿರದ ಕ್ವೆಡ್ಲಿನ್‌ಬುರ್ಗ್ ಪಟ್ಟಣದ ಔಷಧಿ ಅಂಗಡಿಯೊಂದರಲ್ಲಿ ಉಮೇದುವಾರನಾಗಿ ಸೇರಿದ. ಐದು ವರ್ಷ ಉಮೇದುವಾರಿ, ಆಮೇಲೆ ಎರಡು ವರ್ಷ ಅಲ್ಲೇ ಸಹಾಯಕನ ಕೆಲಸ.

ಆ ಕಾಲದ ಜರ್ಮನ್ ನಾಡುಗಳಲ್ಲಿ ರಸಾಯನವಿಜ್ಞಾನಕ್ಕೆ ವಿಶ್ವವಿದ್ಯಾನಿಲಯದಲ್ಲಿ ಸ್ವತಂತ್ರ ಸ್ಥಾನವಿರಲಿಲ್ಲ. ಇದ್ದರೂ ವೈದ್ಯಶಾಸ್ತ್ರದ ನೆರಳಿನಲ್ಲಿ. ಭಟ್ಟಿ, ಮೂಸೆ, ಬಟ್ಟಿ ಇಳಿಸುವ ಪಾತ್ರೆ, ಆಮ್ಲಗಳು, ಸೂಕ್ಷ್ಮ ತಕ್ಕಡಿ ಇವೆಲ್ಲ ಒಂದೇ ಕಡೆ ಸಿಗುತ್ತಿದ್ದ ಜಾಗವೆಂದರೆ ಔಷಧಿ ಅಂಗಡಿ. ಲವಣಗಳನ್ನು ಶುದ್ಧ ಮಾಡುವುದು, ಸೋಸುವುದು, ಒಣಗಿಸುವುದು, ಗುಂಜಿಯಷ್ಟು ಪ್ರಮಾಣವನ್ನೂ ತಪ್ಪಿಲ್ಲದೆ ತೂಗುವುದು ಅಲ್ಲಿನ ದಿನನಿತ್ಯದ ಕೆಲಸ. ತೂಕ ತಪ್ಪಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಕ್ಲಾಪ್ರೋತ್‌ನ ಮುಂದಿನ ವೈಜ್ಞಾನಿಕ ಬದುಕನ್ನು ರೂಪಿಸಿದ್ದು ಈ ಕಟ್ಟುನಿಟ್ಟೇ.

1766ರಲ್ಲಿ ಹನೋವರ್‌ನ ಅರಮನೆಯ ಔಷಧಿ ಅಂಗಡಿಗೆ ಹೋದ. ರಸಾಯನವಿಜ್ಞಾನದ ಒಳ್ಳೆಯ ಪಠ್ಯಗಳು ಕೈಗೆ ಸಿಕ್ಕಿದ್ದು ಅಲ್ಲಿ. ಸ್ಪೀಲ್‌ಮನ್ ಮತ್ತು ಕಾರ್ಟ್‌ಹಾಯ್ಸರ್ ಬರೆದ ಗ್ರಂಥಗಳನ್ನು ತಾನೇ ಓದಿ ಅರಗಿಸಿಕೊಂಡ. 1768ರಲ್ಲಿ ಬರ್ಲಿನ್‌ಗೆ ಬಂದ. ನಡುವೆ 1770ರಲ್ಲಿ ಕೆಲವು ತಿಂಗಳು ಡ್ಯಾನ್‌ಜಿಗ್‌ನಲ್ಲಿದ್ದು ಮತ್ತೆ ಬರ್ಲಿನ್‌ಗೇ ಮರಳಿ ಅಲ್ಲೇ ನೆಲೆಸಿದ.

ಬರ್ಲಿನ್‌ನ ಔಷಧಿ ಅಂಗಡಿಗಳು

ಬರ್ಲಿನ್‌ನಲ್ಲಿ ಆಗ ರಸಾಯನವಿಜ್ಞಾನದ ಹಿರಿಯನೆಂದರೆ ಆಂಡ್ರಿಯಾಸ್ ಸಿಗಿಸ್‌ಮುಂಡ್ ಮಾರ್ಗ್ರಾಫ್. 1747ರಲ್ಲಿ ಬೀಟ್‌ರೂಟ್ ಗೆಡ್ಡೆಯಲ್ಲಿ ಕಬ್ಬಿನ ಸಕ್ಕರೆಯೇ ಇದೆ ಎಂದು ತೋರಿಸಿದವನು, ಸೋಡ ಮತ್ತು ಪೊಟ್ಯಾಶ್ ಬೇರೆ ಬೇರೆ ಕ್ಷಾರಗಳೆಂದು ಖಚಿತಪಡಿಸಿದವನು ಈತನೇ. ಮಾರ್ಗ್ರಾಫ್‌ನ ಶಿಷ್ಯ ಹಿರಿಯ ವಾಲೆಂಟಿನ್ ರೋಸ್‌ನ ಔಷಧಿ ಅಂಗಡಿ ಸ್ಪಾಂಡೌ ಬೀದಿಯಲ್ಲಿತ್ತು. ಕಡಿಮೆ ಶಾಖಕ್ಕೆ ಕರಗುವ, ಇಂದಿಗೂ ರೋಸ್ ಲೋಹವೆಂದೇ ಕರೆಯಲಾಗುವ ಮಿಶ್ರಲೋಹ ಈತನದು. ಕ್ಲಾಪ್ರೋತ್ ರೋಸ್‌ನ ಅಂಗಡಿಗೆ ಸಹಾಯಕನಾಗಿ ಸೇರಿದ. ಸೇರಿದ ಸ್ವಲ್ಪ ದಿನಕ್ಕೆ, 1771ರಲ್ಲಿ, ರೋಸ್ ತೀರಿಕೊಂಡ. ಅಂಗಡಿಯ ಹೊಣೆ, ಮಕ್ಕಳ ವಿದ್ಯಾಭ್ಯಾಸದ ಹೊಣೆ ಎರಡೂ ಕ್ಲಾಪ್ರೋತ್‌ನ ಹೆಗಲಿಗೆ ಬಂದವು. ಸುಮಾರು ಒಂಬತ್ತು ವರ್ಷ ಇವೆರಡನ್ನೂ ಹೊತ್ತು ನಡೆಸಿದ.

1780ರಲ್ಲಿ ಮಾರ್ಗ್ರಾಫ್‌ನ ಸೋದರ ಸಂಬಂಧದ ಸೊಸೆ ಕ್ರಿಸ್ಟಿಯಾನೆ ಸೋಫಿ ಲೇಮನ್‌ಳನ್ನು ಮದುವೆಯಾದ. ಆಕೆ ಅನುಕೂಲಸ್ಥ ಮನೆಯವಳು. ಹಾಗಾಗಿ ಅದೇ ವರ್ಷ, ಅದೇ ಬೀದಿಯಲ್ಲಿ, "ಕರಡಿ" ಎಂಬ ಹೆಸರಿನ ಔಷಧಿ ಅಂಗಡಿಯನ್ನು ಸ್ವಂತಕ್ಕೆ ಕೊಳ್ಳುವುದು ಸಾಧ್ಯವಾಯಿತು. ಇದರ ಪ್ರಯೋಗಶಾಲೆಯಲ್ಲಿ ಇಪ್ಪತ್ತು ವರ್ಷ ದುಡಿದ. ಯುರೇನಿಯಂ, ಜಿರ್ಕೋನಿಯಂ, ಟೈಟಾನಿಯಂ, ಟೆಲೂರಿಯಂ ಎಲ್ಲವೂ ಈ ಅವಧಿಗೆ ಸೇರಿದವು.

ವಿಶ್ಲೇಷಣೆಯ ವಿಧಾನ

ಖನಿಜವನ್ನು ಪುಡಿ ಮಾಡಿ, ಕರಗಿಸಿ, ಅದರ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸಿ ತೂಗುವ ಕ್ರಮ ಕ್ಲಾಪ್ರೋತ್‌ಗಿಂತ ಮೊದಲೇ ಇತ್ತು. ಸ್ವೀಡನ್ನಿನ ಟೊರ್ಬರ್ನ್ ಬೆರಿಮಾನ್ ಅದಕ್ಕೆ ಒಂದು ಚೌಕಟ್ಟು ಕೊಟ್ಟಿದ್ದ. ಆದರೆ ಒಂದೇ ಕಲ್ಲನ್ನು ಇಬ್ಬರು ವಿಶ್ಲೇಷಿಸಿದರೆ ಎರಡು ಬೇರೆ ಉತ್ತರ ಬರುವುದು ಆಗ ಸಾಮಾನ್ಯವಾಗಿತ್ತು. ಕ್ಲಾಪ್ರೋತ್ ಈ ಗೊಂದಲದ ಮೂಲಗಳನ್ನು ಒಂದೊಂದಾಗಿ ಹುಡುಕಿ ಮುಚ್ಚಿದ.

ಮೊದಲನೆಯದು ತೇವ. ದ್ರಾವಣದಿಂದ ಬೇರ್ಪಟ್ಟು ತಳಕ್ಕಿಳಿಯುವ ಒತ್ತರವನ್ನು ಎಷ್ಟು ಒಣಗಿಸಿ ತೂಗಬೇಕೆಂಬುದಕ್ಕೆ ನಿಯಮವಿರಲಿಲ್ಲ. ಕ್ಲಾಪ್ರೋತ್ ಅದನ್ನು ಕಾಯಿಸಿ, ತೂಗಿ, ಮತ್ತೆ ಕಾಯಿಸಿ, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಬಿಡುತ್ತಿರಲಿಲ್ಲ. ಸ್ಥಿರ ತೂಕದ ಈ ಕ್ರಮ ಇಂದಿಗೂ ಪ್ರಯೋಗಶಾಲೆಗಳ ಮೊದಲ ಪಾಠ. ಎರಡನೆಯದು ಪಾತ್ರೆಗಳಿಂದ ಸೇರುವ ಕಲಬೆರಕೆ. ರತ್ನದಂಥ ಗಟ್ಟಿ ಕಲ್ಲನ್ನು ಅರೆಯುವಾಗ ಕಲ್ವವೂ ಸವೆಯುತ್ತದೆ. ಸವೆದ ಪುಡಿ ಕಲ್ಲಿನ ಪುಡಿಯೊಂದಿಗೆ ಬೆರೆತು ಲೆಕ್ಕ ಕೆಡಿಸುತ್ತದೆ. ಕ್ಲಾಪ್ರೋತ್ ಚಕಮಕಿ ಕಲ್ಲಿನ ಕಲ್ವವನ್ನು ಬಳಸಿದ. ಚಕಮಕಿ ಎಂದರೆ ಬಹುಮಟ್ಟಿಗೆ ಶುದ್ಧ ಸಿಲಿಕ. ಅರೆಯುವ ಮೊದಲು ಕಲ್ಲಿನ ತೂಕ, ಅರೆದ ಮೇಲೆ ಪುಡಿಯ ತೂಕ, ಎರಡನ್ನೂ ಬರೆದುಕೊಂಡ. ಹೆಚ್ಚಾದದ್ದಷ್ಟೂ ಕಲ್ವದಿಂದ ಬಂದ ಸಿಲಿಕ. ಕೊನೆಗೆ ಸಿಕ್ಕ ಸಿಲಿಕದಲ್ಲಿ ಅಷ್ಟನ್ನು ಕಳೆದುಬಿಟ್ಟ.

ಮೂರನೆಯದು ಆಮ್ಲಗಳಿಗೆ ಬಗ್ಗದ ಖನಿಜಗಳನ್ನು ಕರಗಿಸುವ ಸಮಸ್ಯೆ. ಇವನ್ನು ಬೆಳ್ಳಿಯ ಮೂಸೆಯಲ್ಲಿ ದಾಹಕ ಕ್ಷಾರದೊಂದಿಗೆ ಹಾಕಿ ಕೆಂಪಗೆ ಕಾಯಿಸಿ ಒಡೆಯುವ ವಿಧಾನವನ್ನು ಈತ ಬಳಕೆಗೆ ತಂದ. ಮಣ್ಣಿನ ಮೂಸೆಯನ್ನು ಕರಗಿದ ಕ್ಷಾರ ತಿಂದುಹಾಕುತ್ತದೆ, ಬೆಳ್ಳಿ ತಡೆದುಕೊಳ್ಳುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಫಲಿತಾಂಶವನ್ನು ಪ್ರಕಟಿಸುವ ರೀತಿ. ಘಟಕಗಳ ಮೊತ್ತ ನೂರಕ್ಕೆ ಸರಿಹೊಂದದಿದ್ದರೆ ಅಂಕಿಗಳನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ನೂರು ಮಾಡುವುದು ಅಂದಿನ ರೂಢಿ. ಕ್ಲಾಪ್ರೋತ್ ಸಿಕ್ಕಿದ್ದನ್ನು ಸಿಕ್ಕಂತೆಯೇ ಅಚ್ಚು ಹಾಕಿಸಿದ. ಕೊರತೆಯಿದ್ದರೆ ಕೊರತೆಯೆಂದೇ, ಹೆಚ್ಚಿದ್ದರೆ ಹೆಚ್ಚೆಂದೇ ತೋರಿಸಿದ. ಅಲ್ಪ ಕೊರತೆ ಕೈಕೆಲಸದ ನಷ್ಟ. ಕೊರತೆ ದೊಡ್ಡದಾಗಿದ್ದರೆ, ಪ್ರಯೋಗವನ್ನು ಮತ್ತೆ ಮಾಡಿದರೂ ಅದು ಹಾಗೇ ಉಳಿದರೆ, ಕಲ್ಲಿನಲ್ಲಿ ಕಣ್ಣಿಗೆ ಬೀಳದ ಏನೋ ಇದೆ ಎಂದು ಅರ್ಥ. ಪ್ರಾಮಾಣಿಕ ಲೆಕ್ಕವೇ ಶೋಧದ ಸಾಧನವಾಗಬಲ್ಲದೆಂದು ಕ್ಲಾಪ್ರೋತ್‌ನ ಕೆಲಸದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ರಸಾಯನವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಈ ಕಟ್ಟುನಿಟ್ಟು ಸ್ವಂತ ತಪ್ಪುಗಳಿಗೂ ಅನ್ವಯಿಸುತ್ತಿತ್ತು. ಏಷ್ಯದಿಂದ ಬಂದ ಕುರಂದದ ಕಲ್ಲಿನಲ್ಲಿ ಹೊಸ ಮಣ್ಣೊಂದಿದೆ ಎಂದು 1780ರ ದಶಕದ ಕೊನೆಯಲ್ಲಿ ಕ್ಲಾಪ್ರೋತ್ ಸೂಚಿಸಿದ್ದ. ಕ್ಷಾರದ ವಿಧಾನವನ್ನು ಪಳಗಿಸಿಕೊಂಡ ಮೇಲೆ ಮತ್ತೆ ಪರೀಕ್ಷಿಸಿದಾಗ ಅದು ಪೂರ್ತಿ ಒಡೆಯದೆ ಉಳಿದ ಅಲ್ಯೂಮಿನವೆಂದು ತಿಳಿಯಿತು. ಹಿಂದಿನ ಹೇಳಿಕೆಯನ್ನು ಅಚ್ಚಿನಲ್ಲೇ ಹಿಂತೆಗೆದುಕೊಂಡ. ನೀಲಮಣಿಯೂ ಬಹುಪಾಲು ಅಲ್ಯೂಮಿನವೇ ಎಂಬುದನ್ನೂ ಇದೇ ಸರಣಿಯ ವಿಶ್ಲೇಷಣೆಗಳು ತೋರಿಸಿದವು.

ಯುರೇನಿಯಂ

ಸ್ಯಾಕ್ಸನಿಯ ಯೋಹಾನ್‌ಗಿಯೋರ್ಗನ್‌ಸ್ಟಾಟ್ ಗಣಿಗಳಲ್ಲಿ ಬೆಳ್ಳಿಯ ಅದಿರಿನ ಜೊತೆಗೆ ಕಪ್ಪಗೆ, ಟಾರಿನ ಹೊಳಪಿನ, ಭಾರವಾದ ಖನಿಜವೊಂದು ಸಿಗುತ್ತಿತ್ತು. ಗಣಿಗಾರರು ಅದನ್ನು ಪಿಚ್‌ಬ್ಲೆಂಡ್ ಎನ್ನುತ್ತಿದ್ದರು. ಖನಿಜತಜ್ಞರಲ್ಲಿ ಕೆಲವರು ಅದನ್ನು ಸತುವಿನ ಅದಿರೆಂದೂ ಕೆಲವರು ಕಬ್ಬಿಣದ್ದೆಂದೂ ಬಗೆದಿದ್ದರು. ಕ್ಲಾಪ್ರೋತ್ ಅದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ದ್ರಾವಣಕ್ಕೆ ಪೊಟ್ಯಾಶ್ ಸೇರಿಸಿದ. ಹಳದಿ ಒತ್ತರ ತಳಕ್ಕಿಳಿಯಿತು. ಪೊಟ್ಯಾಶನ್ನು ಇನ್ನೂ ಹೆಚ್ಚು ಹಾಕಿದಾಗ ಒತ್ತರ ಮತ್ತೆ ಕರಗಿಹೋಯಿತು. ತಿಳಿದಿದ್ದ ಯಾವ ಲೋಹವೂ ಹೀಗೆ ವರ್ತಿಸುತ್ತಿರಲಿಲ್ಲ. ಹಳದಿ ಆಕ್ಸೈಡನ್ನು ಎಣ್ಣೆಯಲ್ಲಿ ಕಲಸಿ ಇದ್ದಿಲ ಮೂಸೆಯಲ್ಲಿಟ್ಟು ತೀವ್ರ ಶಾಖ ಕೊಟ್ಟಾಗ ಲೋಹದ ಮಿಂಚಿರುವ ಕಪ್ಪು ವಸ್ತು ಸಿಕ್ಕಿತು. ಅದೇ ಹೊಸ ಲೋಹವೆಂದು ಕ್ಲಾಪ್ರೋತ್ ಭಾವಿಸಿದ. 1789ರ ಸೆಪ್ಟೆಂಬರ್ 24ರಂದು ಬರ್ಲಿನ್‌ನ ವಿಜ್ಞಾನ ಅಕಾಡೆಮಿಯಲ್ಲಿ ಈ ಶೋಧವನ್ನು ಪ್ರಕಟಿಸಿದ. ಅದೇ ಗಣಿ ಪ್ರದೇಶದ ಹಸಿರು ಅಭ್ರಕದಂಥ ಖನಿಜದಲ್ಲೂ ಇದೇ ಧಾತು ಇರುವುದನ್ನು ಗುರುತಿಸಿದ.

ಎಂಟು ವರ್ಷ ಹಿಂದೆ, 1781ರಲ್ಲಿ, ವಿಲಿಯಂ ಹರ್ಷೆಲ್ ಹೊಸ ಗ್ರಹವೊಂದನ್ನು ಕಂಡಿದ್ದ. ಅದಕ್ಕೆ ಯುರೇನಸ್ ಎಂಬ ಹೆಸರನ್ನು ಸೂಚಿಸಿದ್ದವನು ಬರ್ಲಿನ್‌ನ ಖಗೋಳಜ್ಞ ಯೋಹಾನ್ ಎಲರ್ಟ್ ಬೋಡೆ. ಕ್ಲಾಪ್ರೋತ್ ಹೊಸ ಲೋಹಕ್ಕೆ ಆ ಗ್ರಹದ ಹೆಸರನ್ನೇ ಕೊಟ್ಟ. ಮೊದಲು ಯುರೇನಿಟ್, ಮರುವರ್ಷದಿಂದ ಯುರೇನಿಯಂ.

ಕ್ಲಾಪ್ರೋತ್ ಲೋಹವೆಂದುಕೊಂಡ ಕಪ್ಪು ವಸ್ತು ವಾಸ್ತವದಲ್ಲಿ ಯುರೇನಿಯಂನ ಆಕ್ಸೈಡೆಂದು 1841ರಲ್ಲಿ ಫ್ರಾನ್ಸಿನ ಯೂಜೀನ್ ಪೆಲಿಗೋ ತೋರಿಸಿ, ನಿಜವಾದ ಲೋಹವನ್ನು ಬೇರ್ಪಡಿಸಿದ. ಯುರೇನಿಯಂನ ವಿಕಿರಣಶೀಲತೆಯ ಸುಳಿವು ಕ್ಲಾಪ್ರೋತ್‌ಗಾಗಲಿ ಪೆಲಿಗೋಗಾಗಲಿ ಸಿಗಲಿಲ್ಲ. ಅದನ್ನು 1896ರಲ್ಲಿ ಗಮನಿಸಿದವನು ಆನ್ರಿ ಬೆಕೆರೆಲ್. ಎರಡು ವರ್ಷದ ನಂತರ ಕ್ಯೂರಿ ದಂಪತಿಗಳು ಪೊಲೋನಿಯಂ ಮತ್ತು ರೇಡಿಯಂಗಳನ್ನು ಕಂಡದ್ದೂ ಪಿಚ್‌ಬ್ಲೆಂಡ್‌ನಲ್ಲೇ. ಕ್ಲಾಪ್ರೋತ್‌ನ ಕಾಲಕ್ಕೆ ಈ ಧಾತುವಿನಿಂದ ಇದ್ದ ಉಪಯೋಗ ಬಣ್ಣ ಮಾತ್ರ. ಗಾಜಿಗೂ ಪಿಂಗಾಣಿಯ ಮೆರುಗಿಗೂ ಅದು ಹಳದಿ ಬಣ್ಣ ಕೊಡುವುದನ್ನು ಈತನೇ ಪರೀಕ್ಷಿಸಿ ನೋಡಿದ್ದ.

ಜಿರ್ಕೋನಿಯಂ

ಅದೇ 1789ರಲ್ಲಿ ಕ್ಲಾಪ್ರೋತ್ ಸಿಂಹಳದಿಂದ ಬಂದ ಜಿರ್ಕಾನ್ ಕಲ್ಲನ್ನು ಕೈಗೆತ್ತಿಕೊಂಡ. ಇದರ ಕೆಂಪು ಬಗೆಯಾದ ಹಯಸಿಂತ್ ಕಲ್ಲನ್ನು ಬೆರಿಮಾನ್ ವಿಶ್ಲೇಷಿಸಿ ಸಿಲಿಕ, ಅಲ್ಯೂಮಿನ, ಸುಣ್ಣ ಮತ್ತು ಕಬ್ಬಿಣದ ಆಕ್ಸೈಡ್ ಇವೆ ಎಂದಿದ್ದ. ಕ್ಲಾಪ್ರೋತ್ ಬೆಳ್ಳಿ ಮೂಸೆಯಲ್ಲಿ ಕ್ಷಾರದೊಂದಿಗೆ ಕಲ್ಲನ್ನು ಒಡೆದು, ಸಿಲಿಕವನ್ನು ತೆಗೆದ ಮೇಲೆ ಉಳಿದದ್ದನ್ನು ಪರೀಕ್ಷಿಸಿದ. ಕಲ್ಲಿನ ಸುಮಾರು ಮೂರನೇ ಎರಡು ಪಾಲು ಒಂದೇ ಮಣ್ಣು. ಅದು ಅಲ್ಯೂಮಿನದ ಹಾಗೆ ಆಮ್ಲದಲ್ಲಿ ಕರಗಿತು, ಆದರೆ ಅಲ್ಯೂಮಿನದ ಹಾಗೆ ದಾಹಕ ಕ್ಷಾರದಲ್ಲಿ ಕರಗಲಿಲ್ಲ. ಈ ಒಂದು ವ್ಯತ್ಯಾಸದ ಮೇಲೆ ಹೊಸ ಧಾತು ನಿಂತಿತು. ಹಯಸಿಂತ್ ಕಲ್ಲಿನಲ್ಲೂ ಇದೇ ಮಣ್ಣಿರುವುದನ್ನು ತೋರಿಸಿ, ಎರಡೂ ಒಂದೇ ಖನಿಜವೆಂದು ತೀರ್ಮಾನಿಸಿದ. ಲೋಹವನ್ನು 1824ರಲ್ಲಿ ಸ್ವೀಡನ್ನಿನ ಬರ್ಸೀಲಿಯಸ್ ಅಶುದ್ಧ ಪುಡಿಯಾಗಿ ಪಡೆದ.

ಟೈಟಾನಿಯಂ ಮತ್ತು ಟೆಲೂರಿಯಂ

1795ರಲ್ಲಿ ಹಂಗೇರಿ ರಾಜ್ಯದ ಬೊಯ್ನಿಕ್‌ನಿಂದ ಬಂದ, ಆಗ ಕೆಂಪು ಶೋರ್ಲ್ ಎಂದು ಕರೆಯಲಾಗುತ್ತಿದ್ದ ರೂಟೈಲ್ ಖನಿಜದಲ್ಲಿ ಕ್ಲಾಪ್ರೋತ್ ಮತ್ತೊಂದು ಹೊಸ ಆಕ್ಸೈಡನ್ನು ಕಂಡ. ಗುಣಗಳು ಇನ್ನೂ ಪೂರ್ತಿ ತಿಳಿಯದ ವಸ್ತುವಿಗೆ ಗುಣವಾಚಕ ಹೆಸರಿಟ್ಟರೆ ಅದು ಮುಂದೆ ದಾರಿ ತಪ್ಪಿಸಬಹುದೆಂಬುದು ಈತನ ನಿಲುವು. ಆದ್ದರಿಂದ ಗ್ರೀಕ್ ಪುರಾಣದ ಭೂದೇವಿಯ ಮಕ್ಕಳಾದ ಟೈಟಾನ್‌ರ ಹೆಸರನ್ನು ಆರಿಸಿಕೊಂಡ. ಇದಕ್ಕೆ ನಾಲ್ಕು ವರ್ಷ ಮೊದಲೇ, 1791ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪಾದ್ರಿ ವಿಲಿಯಂ ಗ್ರೆಗರ್ ಅಲ್ಲಿನ ಕಪ್ಪು ಮರಳಿನಲ್ಲಿ ಅಪರಿಚಿತ ಆಕ್ಸೈಡೊಂದನ್ನು ಗುರುತಿಸಿದ್ದ. ಕ್ಲಾಪ್ರೋತ್ ಆ ಮರಳನ್ನೂ ವಿಶ್ಲೇಷಿಸಿ, ಎರಡೂ ಒಂದೇ ಎಂದು 1797ರಲ್ಲಿ ಒಪ್ಪಿ, ಗ್ರೆಗರ್‌ನ ಆದ್ಯತೆಯನ್ನು ಮಾನ್ಯ ಮಾಡಿದ. ಹೆಸರು ಮಾತ್ರ ಕ್ಲಾಪ್ರೋತ್‌ನದೇ ಉಳಿಯಿತು.

ಟೆಲೂರಿಯಂನ ಕಥೆಯಲ್ಲಿ ಈ ನ್ಯಾಯಪ್ರಜ್ಞೆ ಇನ್ನೂ ಎದ್ದು ಕಾಣುತ್ತದೆ. ಟ್ರಾನ್ಸಿಲ್ವೇನಿಯದ ಗಣಿ ಅಧಿಕಾರಿ ಫ್ರಾನ್ಜ್ ಯೋಸೆಫ್ ಮುಲ್ಲರ್ 1782ರಲ್ಲಿ ಅಲ್ಲಿನ ಚಿನ್ನದ ಅದಿರಿನಲ್ಲಿ ಹೊಸ ಲೋಹವಿರುವುದನ್ನು ಶಂಕಿಸಿದ್ದ. ಖಚಿತ ಮಾಡಿಕೊಳ್ಳಲು ಬೆರಿಮಾನ್‌ಗೆ ಮಾದರಿ ಕಳಿಸಿದ. 1784ರಲ್ಲಿ ಬೆರಿಮಾನ್ ತೀರಿಕೊಂಡದ್ದರಿಂದ ವಿಚಾರ ಅಲ್ಲಿಗೇ ನಿಂತಿತು. ಹಲವು ವರ್ಷಗಳ ನಂತರ ಮಾದರಿ ಕ್ಲಾಪ್ರೋತ್‌ನ ಕೈ ಸೇರಿತು. 1798ರ ಜನವರಿಯಲ್ಲಿ ಅಕಾಡೆಮಿಯ ಮುಂದೆ ಲೋಹದ ಗುಣಗಳನ್ನು ವಿವರಿಸಿ, ಭೂಮಿಗಿರುವ ಲ್ಯಾಟಿನ್ ಪದದಿಂದ ಟೆಲೂರಿಯಂ ಎಂದು ಹೆಸರಿಟ್ಟು, ಶೋಧದ ಕೀರ್ತಿ ಮುಲ್ಲರ್‌ನದೆಂದು ಸಾರಿದ. ಮುಲ್ಲರ್‌ನ ಹೆಸರು ಇಂದಿಗೂ ಈ ಧಾತುವಿನೊಂದಿಗೆ ಉಳಿದಿರುವುದಕ್ಕೆ ಇದೇ ಕಾರಣ.

ಇತರ ಧಾತುಗಳು

ಸ್ಟ್ರಾಂಷಿಯಂ, ಬೇರಿಯಂಗಿಂತ ಭಿನ್ನವೆಂದು 1793ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಚಾರ್ಲ್ಸ್ ಹೋಪ್‌ನಿಂದ ಸ್ವತಂತ್ರವಾಗಿ ತೋರಿಸಿದ. ಕ್ರೋಮಿಯಂನ ಶೋಧದಲ್ಲಿ ಫ್ರಾನ್ಸಿನ ವೋಕ್ಲಾನ್ ಮುಂದಿದ್ದ. ಕ್ಲಾಪ್ರೋತ್ ಸ್ವಲ್ಪ ತಡವಾಗಿ ಅದೇ ತೀರ್ಮಾನಕ್ಕೆ ಬಂದ. ಬೆರಿಲಿಯಂ ಮತ್ತು ಇಟ್ರಿಯಂಗಳ ಆಕ್ಸೈಡ್‌ಗಳ ಬಗ್ಗೆ ಬೇರೆಯವರು ಹೇಳಿದ್ದನ್ನು ಪರೀಕ್ಷಿಸಿ ದೃಢಪಡಿಸಿದ. 1803ರಲ್ಲಿ ಸ್ವೀಡನ್ನಿನ ಬಾಸ್ಟ್‌ನೆಸ್ ಗಣಿಯ ಭಾರವಾದ ಖನಿಜದಲ್ಲಿ ಹೊಸ ಆಕ್ಸೈಡನ್ನು ಕಂಡು, ಕಾಯಿಸಿದಾಗ ಬರುವ ಬಣ್ಣವನ್ನು ಹಿಡಿದು ಓಕ್ರಾಯಿಟ್ ಎಂದು ಕರೆದ. ಅದೇ ಸಮಯದಲ್ಲಿ ಬರ್ಸೀಲಿಯಸ್ ಮತ್ತು ಹೀಸಿಂಗರ್ ಅದನ್ನು ಸೀರಿಯಂ ಎಂದು ಹೆಸರಿಸಿದರು. ಆ ಹೆಸರೇ ನಿಂತಿತು. ಅವರೆಲ್ಲ ಕಂಡ ಆಕ್ಸೈಡ್ ಹಲವು ಧಾತುಗಳ ಮಿಶ್ರಣವೆಂದು 1839ರಿಂದ ಸ್ವೀಡನ್ನಿನ ಮೊಸಾಂಡರ್ ಬಿಡಿಸಿ ತೋರಿಸಿದ.

ಲ್ಯೂಸೈಟ್ ಮತ್ತು ಪೊಟ್ಯಾಶ್

ಧಾತುಗಳ ಶೋಧದಷ್ಟು ಪ್ರಸಿದ್ಧವಲ್ಲದಿದ್ದರೂ ಕ್ಲಾಪ್ರೋತ್‌ನ ವಿಧಾನದ ಬಲವನ್ನು ತೋರಿಸಲು ಲ್ಯೂಸೈಟ್‌ನ ವಿಶ್ಲೇಷಣೆಗಿಂತ ಉತ್ತಮ ನಿದರ್ಶನವಿಲ್ಲ. ಲ್ಯೂಸೈಟ್ ಎಂಬುದು ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯ ಲಾವಾದಲ್ಲಿ ಸಿಗುವ ಬಿಳಿ ಖನಿಜ. ಅದರಲ್ಲಿ ಸಿಲಿಕ ಮತ್ತು ಅಲ್ಯೂಮಿನ ಸಿಕ್ಕವು. ಎರಡನ್ನೂ ಕೂಡಿದರೆ ಐದನೇ ಒಂದು ಭಾಗದಷ್ಟು ಕೊರತೆ. ಅಷ್ಟು ದೊಡ್ಡ ಪಾಲನ್ನು ಕೈಕೆಲಸದ ನಷ್ಟವೆಂದು ತಳ್ಳಿಹಾಕುವಂತಿರಲಿಲ್ಲ. ಸೋಸಿದ ನೀರನ್ನು ಚೆಲ್ಲದೆ ಇಂಗಿಸಿ ಹುಡುಕಿದಾಗ ಸಿಕ್ಕಿದ್ದು ಪೊಟ್ಯಾಶ್.

ಇದು ಅನಿರೀಕ್ಷಿತ. ಪೊಟ್ಯಾಶ್ ಕಟ್ಟಿಗೆಯ ಬೂದಿಯಿಂದ ಬರುವುದರಿಂದ ಅದು "ಸಸ್ಯಕ್ಷಾರ", ಸೋಡ "ಖನಿಜಕ್ಷಾರ" ಎಂಬ ವಿಭಾಗವನ್ನು ಎಲ್ಲರೂ ಒಪ್ಪಿದ್ದರು. ಜ್ವಾಲಾಮುಖಿಯ ಕಲ್ಲಿನಲ್ಲೇ ಸಸ್ಯಕ್ಷಾರ ಇದೆ ಎಂದಮೇಲೆ ಆ ವಿಭಾಗಕ್ಕೆ ಆಧಾರ ಉಳಿಯಲಿಲ್ಲ. ಗಿಡಗಳು ಪೊಟ್ಯಾಶನ್ನು ತಾವೇ ಉತ್ಪತ್ತಿ ಮಾಡುವುದಿಲ್ಲ, ನೆಲದಿಂದ ಎತ್ತಿಕೊಳ್ಳುತ್ತವೆ ಎಂಬ ಅರಿವಿಗೂ ಇಲ್ಲಿಂದ ದಾರಿಯಾಯಿತು. ಇಂದು ರೈತರು ಹೊಲಕ್ಕೆ ಹಾಕುವ ಪೊಟ್ಯಾಶ್ ಗೊಬ್ಬರದ ಹಿಂದಿರುವ ತಿಳಿವೂ ಅದೇ. ಕ್ಷಾರಗಳಿಗೆ ಕಾಲಿ, ನ್ಯಾಟ್ರಾನ್ ಎಂಬ ಹೆಸರುಗಳನ್ನು ಕ್ಲಾಪ್ರೋತ್ ಸೂಚಿಸಿದ. ಪೊಟ್ಯಾಸಿಯಂ ಮತ್ತು ಸೋಡಿಯಂಗಳಿಗೆ ಇರುವ ಕೆ ಮತ್ತು ಎನ್‌ಎ ಸಂಕೇತಗಳ ಮೂಲ ಇವೇ ಪದಗಳು.

ಫ್ಲಾಜಿಸ್ಟನ್ ವಾದ ಮತ್ತು ಹೊಸ ರಸಾಯನವಿಜ್ಞಾನ

ವಸ್ತು ಉರಿಯುವಾಗ ಫ್ಲಾಜಿಸ್ಟನ್ ಎಂಬ ತತ್ತ್ವ ಹೊರಹೋಗುತ್ತದೆ ಎಂಬ ವಾದ ಜರ್ಮನಿಯಲ್ಲೇ ಹುಟ್ಟಿದ್ದು. ಫ್ರಾನ್ಸಿನ ಲವಾಸಿಯೇ ಅದನ್ನು ತಳ್ಳಿಹಾಕಿ ದಹನವೆಂದರೆ ಆಕ್ಸಿಜನ್ನಿನೊಂದಿಗೆ ಸೇರುವುದೆಂದು ತೋರಿಸಿದಾಗ, ಜರ್ಮನ್ ರಸಾಯನವಿಜ್ಞಾನಿಗಳಲ್ಲಿ ಅನೇಕರು ಅದನ್ನು ಫ್ರೆಂಚರ ಸಿದ್ಧಾಂತವೆಂದೇ ದೂರವಿಟ್ಟರು. 1792ರಲ್ಲಿ ಸಿಗಿಸ್‌ಮುಂಡ್ ಹೆರ್ಮ್‌ಬ್‌ಸ್ಟೆಟ್ ಲವಾಸಿಯೇಯ ಗ್ರಂಥವನ್ನು ಜರ್ಮನ್ ಭಾಷೆಗೆ ತಂದ. ಅದೇ ವರ್ಷ ಕ್ಲಾಪ್ರೋತ್ ಮುಖ್ಯ ಪ್ರಯೋಗಗಳನ್ನು ಬರ್ಲಿನ್ ಅಕಾಡೆಮಿಯ ಸದಸ್ಯರೆದುರೇ ಮಾಡಿ, ತೂಗಿ ತೋರಿಸಿದ. ವಾಗ್ವಾದಕ್ಕೆ ಇಳಿಯದೆ ತಕ್ಕಡಿಯ ಮೇಲೆ ತೀರ್ಮಾನ ಬಿಟ್ಟ ಈ ನಡೆಯಿಂದ ಅಕಾಡೆಮಿ ಹೊಸ ಪಕ್ಷಕ್ಕೆ ಬಂತು, ಕ್ಲಾಪ್ರೋತ್‌ನೂ ಬಂದ. ಜರ್ಮನಿಯ ಉಳಿದೆಡೆ ಪ್ರತಿರೋಧ ಕುಸಿಯಲು ಈತನ ಹೆಸರಿಗಿದ್ದ ವಿಶ್ವಾಸಾರ್ಹತೆ ಬಹಳ ಸಹಾಯ ಮಾಡಿತು.

ಪುರಾತನ ವಸ್ತುಗಳು ಮತ್ತು ಉಲ್ಕೆಗಳು

ಗ್ರೀಕ್ ಮತ್ತು ರೋಮನ್ ನಾಣ್ಯಗಳ ಲೋಹವನ್ನು, ಕಾಪ್ರಿ ದ್ವೀಪದ ಅವಶೇಷಗಳಲ್ಲಿ ಸಿಕ್ಕ ರೋಮನ್ನರ ಬಣ್ಣದ ಗಾಜನ್ನು ಕ್ಲಾಪ್ರೋತ್ 1790ರ ದಶಕದಲ್ಲಿ ತೂಕದ ವಿಧಾನದಿಂದ ವಿಶ್ಲೇಷಿಸಿದ. ಪುರಾತತ್ತ್ವಕ್ಕೆ ರಸಾಯನವಿಜ್ಞಾನವನ್ನು ಅನ್ವಯಿಸಿದ ಮೊದಲ ಗಂಭೀರ ಪ್ರಯತ್ನಗಳಲ್ಲಿ ಇವು ಸೇರುತ್ತವೆ. ಆಕಾಶದಿಂದ ಬಿದ್ದ ಕಲ್ಲುಗಳನ್ನು ಪರೀಕ್ಷಿಸಿ, ಅವುಗಳ ಕಬ್ಬಿಣದಲ್ಲಿ ನಿಕ್ಕಲ್ ಇರುವುದನ್ನು ದೃಢಪಡಿಸಿದ. ಕಾರ್ಲ್ಸ್‌ಬಾಡ್‌ನ ಬಿಸಿನೀರಿನ ಬುಗ್ಗೆಗಳ ವಿಶ್ಲೇಷಣೆ, ಪಿಂಗಾಣಿಯ ಮೇಲೆ ಪ್ಲಾಟಿನಂ ಲೇಪಿಸುವ ವಿಧಾನ, ಜೇನುಬಣ್ಣದ ಮೆಲೈಟ್ ಖನಿಜದಿಂದ ಮೆಲಿಟಿಕ್ ಆಮ್ಲವನ್ನು ಬೇರ್ಪಡಿಸಿದ್ದು ಈತನ ಇತರ ಕೆಲಸಗಳು.

ಹುದ್ದೆಗಳು ಮತ್ತು ಕೃತಿಗಳು

1782ರಿಂದ ಪ್ರಷ್ಯದ ಉನ್ನತ ವೈದ್ಯಕೀಯ ಮಂಡಳಿಯಲ್ಲಿ ಔಷಧಿಕಾರರ ಪರೀಕ್ಷೆ ಮತ್ತು ಮೇಲ್ವಿಚಾರಣೆಯ ಕೆಲಸ ನೋಡಿಕೊಂಡ. 1788ರಲ್ಲಿ ಬರ್ಲಿನ್ ಅಕಾಡೆಮಿಯ ಸದಸ್ಯತ್ವ, 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1804ರಲ್ಲಿ ಫ್ರಾನ್ಸಿನ ಇನ್ಸ್ಟಿಟ್ಯೂಟ್‌ನ ವಿದೇಶಿ ಸದಸ್ಯತ್ವ ದೊರೆತವು. ಬರ್ಲಿನ್‌ನ ಗಣಿಶಾಲೆ ಮತ್ತು ಫಿರಂಗಿದಳದ ಶಾಲೆಗಳಲ್ಲಿ ಪಾಠ ಹೇಳಿದ. 1799ರಲ್ಲಿ ಹೊರಬಂದ ಪ್ರಷ್ಯದ ಅಧಿಕೃತ ಔಷಧಕೋಶವನ್ನು ಸಿದ್ಧಪಡಿಸಿದವರಲ್ಲಿ ಈತನೂ ಒಬ್ಬ. ಹೊಸ ರಸಾಯನವಿಜ್ಞಾನದ ಪರಿಭಾಷೆ ಔಷಧಿ ಅಂಗಡಿಗಳೊಳಗೆ ಬಂದದ್ದು ಇಂಥ ಗ್ರಂಥಗಳ ಮೂಲಕ.

ಬೀಟ್ ಸಕ್ಕರೆಯ ತಯಾರಿಕೆಗೆ ಹೊರಟ ಫ್ರಾನ್ಜ್ ಕಾರ್ಲ್ ಆಖಾರ್ಡ್‌ನಿಂದ ತೆರವಾದ ಅಕಾಡೆಮಿಯ ರಸಾಯನವಿಜ್ಞಾನಿಯ ಸ್ಥಾನ 1800ರಲ್ಲಿ ಕ್ಲಾಪ್ರೋತ್‌ಗೆ ಬಂತು. ಔಷಧಿ ಅಂಗಡಿಯನ್ನು ಮಾರಿ ಅಕಾಡೆಮಿಯ ಪ್ರಯೋಗಶಾಲೆಗೆ ನೆಲೆ ಬದಲಿಸಿದ. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯ ಆರಂಭವಾದಾಗ ರಸಾಯನವಿಜ್ಞಾನದ ಪೀಠ ಈತನಿಗೆ ದೊರೆಯಿತು. ಆಗ ವಯಸ್ಸು 66. 1817ರ ಜನವರಿ 1ರಂದು ಬರ್ಲಿನ್‌ನಲ್ಲಿ ನಿಧನನಾದ. ಆ ಪೀಠಕ್ಕೆ ಬರ್ಸೀಲಿಯಸ್‌ನನ್ನು ಕರೆದಾಗ ಆತ ಒಪ್ಪದೆ ಐಲ್‌ಹಾರ್ಟ್ ಮಿಟ್ಷರ್ಲಿಖ್‌ನನ್ನು ಸೂಚಿಸಿದ.

ಕ್ಲಾಪ್ರೋತ್‌ನ ಮುಖ್ಯ ಕೃತಿ ಖನಿಜಗಳ ರಾಸಾಯನಿಕ ತಿಳಿವಳಿಕೆಗೆ ಸಲ್ಲಿಸಿದ ಪ್ರಬಂಧಗಳ ಆರು ಸಂಪುಟಗಳು (1795–1815). ನೂರಾರು ಖನಿಜಗಳ ವಿಶ್ಲೇಷಣೆ ಇದರಲ್ಲಿದೆ. ಪ್ರತಿಯೊಂದಕ್ಕೂ ತೆಗೆದುಕೊಂಡ ತೂಕ, ಮಾಡಿದ ಕ್ರಿಯೆಗಳು, ದೊರೆತ ಫಲ, ಉಳಿದ ಕೊರತೆ ಎಲ್ಲ ಅನುಕ್ರಮವಾಗಿವೆ. ಫ್ರೀಡ್ರಿಖ್ ವೋಲ್ಫ್‌ನೊಂದಿಗೆ ಐದು ಸಂಪುಟಗಳ ರಸಾಯನವಿಜ್ಞಾನ ನಿಘಂಟನ್ನು (1807–1810) ಸಂಪಾದಿಸಿದ.

ಕುಟುಂಬ ಮತ್ತು ಶಿಷ್ಯರು

ಮಗ ಯೂಲಿಯಸ್ ಕ್ಲಾಪ್ರೋತ್ (1783–1835) ತಂದೆಯ ವೃತ್ತಿಗೆ ಬರಲಿಲ್ಲ. ಚೀನೀ ಭಾಷೆಯನ್ನು ಚಿಕ್ಕಂದಿನಲ್ಲೇ ಸ್ವಂತವಾಗಿ ಕಲಿತು, ಕಾಕಸಸ್ ಪ್ರದೇಶದಲ್ಲಿ ಸಂಚರಿಸಿ, ಪ್ಯಾರಿಸ್‌ನಲ್ಲಿ ನೆಲೆಸಿ, ಏಷ್ಯದ ಭಾಷೆಗಳನ್ನು ವರ್ಗೀಕರಿಸುವ ಏಷಿಯ ಪಾಲಿಗ್ಲೊಟ್ಟ ಗ್ರಂಥವನ್ನು 1823ರಲ್ಲಿ ಪ್ರಕಟಿಸಿದ. ಕ್ಲಾಪ್ರೋತ್ ಸಾಕಿ ತರಬೇತಿ ಕೊಟ್ಟ ಕಿರಿಯ ವಾಲೆಂಟಿನ್ ರೋಸ್ ಸಮರ್ಥ ವಿಶ್ಲೇಷಕನಾದ. ಆತನ ಮಕ್ಕಳಲ್ಲಿ ಹೈನ್ರಿಖ್ ರೋಸ್ 1844ರಲ್ಲಿ ನಿಯೋಬಿಯಂ ಅನ್ನು ಟಾಂಟಲಂನಿಂದ ಬೇರೆಯೆಂದು ಗುರುತಿಸಿದ. ಗುಸ್ಟಾವ್ ರೋಸ್ ಹೆಸರಾಂತ ಖನಿಜವಿಜ್ಞಾನಿಯಾದ.

ಇಂದಿನ ಬಳಕೆ ಮತ್ತು ಸ್ಮರಣೆ

1789ರ ಎರಡು ಧಾತುಗಳೂ ಈಗ ಅಣು ವಿದ್ಯುತ್ ಸ್ಥಾವರಗಳಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಭಾರಜಲ ಘಟಕಗಳಿವೆ. ಅವುಗಳ ಇಂಧನ ಯುರೇನಿಯಂ ಡೈಆಕ್ಸೈಡ್‌ನ ಗುಳಿಗೆಗಳು. ಕ್ಲಾಪ್ರೋತ್‌ನ ಮೂಸೆಯಲ್ಲಿ ಉಳಿದು ಲೋಹವೆನಿಸಿಕೊಂಡದ್ದೂ ಇಂಥ ಕಪ್ಪು ಆಕ್ಸೈಡೇ. ಗುಳಿಗೆಗಳನ್ನು ತುಂಬುವ ತೆಳು ಕೊಳವೆಗಳು ಜಿರ್ಕೋನಿಯಂನ ಮಿಶ್ರಲೋಹದವು. ಜಿರ್ಕೋನಿಯಂ ನ್ಯೂಟ್ರಾನ್‌ಗಳನ್ನು ಬಹಳ ಕಡಿಮೆ ಹೀರುತ್ತದೆ, ಕುದಿಬಿಸಿ ನೀರಿಗೂ ಬೇಗ ಸವೆಯುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಅದನ್ನೇ ಆರಿಸಲಾಗಿದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಗುರುತಿಸಲಾದ ಯುರೇನಿಯಂ ನಿಕ್ಷೇಪದಲ್ಲಿ ಪಿಚ್‌ಬ್ಲೆಂಡ್ ಇದೆ. ಗ್ರೆಗರ್ ಪರೀಕ್ಷಿಸಿದ ಕಪ್ಪು ಮರಳಿನ ಖನಿಜವಾದ ಇಲ್ಮೆನೈಟ್ ಕೇರಳದ ಕಡಲತೀರದಲ್ಲಿ ಹೇರಳ. ಬಿಳಿ ಬಣ್ಣಕ್ಕೆ ಬೇಕಾದ ಟೈಟಾನಿಯಂ ಡೈಆಕ್ಸೈಡನ್ನು ಅದರಿಂದ ತಯಾರಿಸಲಾಗುತ್ತದೆ.

ಯುರೇನಿಯಂ ಪರಮಾಣು ಒಡೆಯುತ್ತದೆಂಬುದನ್ನು 1938ರಲ್ಲಿ ಓಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಪ್ರಯೋಗದಿಂದ ಕಂಡದ್ದೂ ಬರ್ಲಿನ್‌ನಲ್ಲೇ. ಕ್ಲಾಪ್ರೋತ್‌ನ ಖನಿಜ ಸಂಗ್ರಹವನ್ನು ಆತನ ಮರಣಾನಂತರ ವಿಶ್ವವಿದ್ಯಾನಿಲಯ ಕೊಂಡಿತು. ಅದು ಈಗ ಬರ್ಲಿನ್‌ನ ನಿಸರ್ಗವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಚಂದ್ರನ ದಕ್ಷಿಣ ಭಾಗದ ದೊಡ್ಡ ಕುಳಿಯೊಂದಕ್ಕೆ ಈತನ ಹೆಸರಿದೆ. ಅಮೆರಿಕದ ಯೂಟಾ ರಾಜ್ಯದ ಬ್ಲೂ ಲಿಜರ್ಡ್ ಗಣಿಯಲ್ಲಿ 2010ರ ದಶಕದಲ್ಲಿ ಗುರುತಿಸಲಾದ ಮೂರು ಯುರೇನಿಯಂ ಖನಿಜಗಳಿಗೆ ಕ್ಲಾಪ್ರೋತೈಟ್, ಪೆಲಿಗೋಟೈಟ್ ಮತ್ತು ಓಟೋಹಾನೈಟ್ ಎಂದು ಹೆಸರಿಡಲಾಗಿದೆ.